‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?’ ಎಂದು ಕೇಳಬೇಡ

ಸ್ವಂತ ಚೇಂಬರ್ ತೆರೆದೆಯೆಂದು ಕೇಳಿ ಸಂತೋಷವಾಯಿತು. ಪಾಲುಪಟ್ಟಿ ದಾವೆ, ಚೆಕ್ ಬೌನ್ಸ್, ಮೋಟಾರು ಅಪಘಾತದ ಪರಿಹಾರ ಇವನ್ನೆಲ್ಲ ನೀನು ನಿಭಾಯಿಸುತ್ತೀಯ, ಅದರಲ್ಲಿ ನಾನು ಹೇಳಿಕೊಡಬೇಕಾದದ್ದು ಏನೂ ಉಳಿದಿಲ್ಲ. ಹೇಳಬೇಕಾಗಿರುವುದು ಇನ್ನೊಂದು ಬಗೆಯ ಕಕ್ಷಿದಾರರ ವಿಷಯ. ಇವತ್ತಲ್ಲ ನಾಳೆ ಅವರು ನಿನ್ನಲ್ಲಿಗೂ ಬಂದೇ ಬರುತ್ತಾರೆ. ವಯಸ್ಸು ಮೂವತ್ತೈದಿರಬಹುದು, ಐವತ್ತಿರಬಹುದು. ಹೆಣ್ಣಿರಬಹುದು, ಗಂಡಿರಬಹುದು. ಉಳಿದವರೆಲ್ಲ ಎದ್ದುಹೋಗಲಿ ಎಂದು ಕಾದು ಕೂತಿರುತ್ತಾರೆ. ಬಂದ ಕೆಲಸ ಏನೆಂದರೆ ಮೊದಲು ಬಾಡಿಗೆ ಕರಾರನ್ನೋ ಖಾತೆ ಬದಲಾವಣೆಯನ್ನೋ ಎತ್ತುತ್ತಾರೆ. ಆ ಮಾತು ಮುಗಿದರೂ ಕುರ್ಚಿಯಿಂದ ಏಳುವುದಿಲ್ಲ. ಆಮೇಲೆ ನಿಧಾನವಾಗಿ, ತಾವು ಚಿಕ್ಕವರಿದ್ದಾಗ ಮನೆಗೆ ಬಂದುಹೋಗುತ್ತಿದ್ದ ಒಬ್ಬ ಹಿರಿಯ ತಮಗೆ ಏನು ಮಾಡಿದ ಎಂಬುದನ್ನು ಹೇಳತೊಡಗುತ್ತಾರೆ.

ಆಗ ವಕೀಲರ ಬಾಯಿಗೆ ತಾನಾಗಿ ಬರುವ ಮಾತು ಎರಡು. ಒಂದು, ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?’ ಇನ್ನೊಂದು, ‘ಲಿಮಿಟೇಷನ್ ಹೊಡೆಯುತ್ತಲ್ಲ!’ ನೋಡಮ್ಮ, ಆ ಎರಡನ್ನೂ ನುಂಗಿಕೊ. ಮೊದಲನೆಯದನ್ನು ಎಂದೂ ಆಡಬೇಡ. ಎರಡನೆಯದನ್ನು ಆಡುವ ಮುಂಚೆ ಕೂತು ಲೆಕ್ಕ ಹಾಕು.

ಮೊದಲನೆಯದು ಯಾಕೆ ಬೇಡ ಎಂದರೆ, ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡು ಬಂದಿರುತ್ತಾರೆ. ಉತ್ತರ ನಮಗೇ ಗೊತ್ತಿರಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ನಂಬಿಕೆಯ ಜಾಗದಲ್ಲಿದ್ದವರು ಎಂದು ಕಂಡುಬಂತು. ಸೋದರಮಾವ, ಟ್ಯೂಷನ್ ಮೇಷ್ಟ್ರು, ಹಾಸ್ಟೆಲ್ ವಾರ್ಡನ್, ಅಪ್ಪನ ಸ್ನೇಹಿತ. ಮಗು ಬಾಯಿಬಿಟ್ಟರೆ ಮುರಿದುಬೀಳುವುದು ತನ್ನದೇ ಮನೆ. ಎಷ್ಟೋ ಮಕ್ಕಳು ಬಾಯಿ ಬಿಟ್ಟಿರುತ್ತಾರೆ ಕೂಡ. ‘ಯಾರ ಹತ್ತಿರವೂ ಹೇಳಬೇಡ’ ಎಂದು ಅಮ್ಮನೇ ಬಾಯಿ ಮುಚ್ಚಿಸಿರುತ್ತಾಳೆ. ಆಸ್ಟ್ರೇಲಿಯಾದಲ್ಲಿ 2013ರಿಂದ 2017ರವರೆಗೆ ಒಂದು ರಾಯಲ್ ಕಮಿಷನ್ ಕೂತು, ಶಾಲೆ, ಚರ್ಚು, ಅನಾಥಾಲಯಗಳಲ್ಲಿ ನಡೆದದ್ದನ್ನು ಸಾವಿರಾರು ಮಂದಿಯ ಬಾಯಲ್ಲೇ ಕೇಳಿತು. ನಡೆದದ್ದನ್ನು ಮೊದಲ ಸಲ ಇನ್ನೊಬ್ಬರಿಗೆ ಹೇಳಲು ಅವರಿಗೆ ಹಿಡಿದ ಕಾಲ ಸರಾಸರಿ 23.9 ವರ್ಷ. ಈ ಅಂಕಿಯನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ಇಷ್ಟು ಕಾಲದ ಮೇಲೆ ಈಗ ಯಾಕೆ ಬಂದರು ಎಂದು ತಿಳಿಯುವುದು ಬೇರೆ ವಿಷಯ, ಅದು ನಿನ್ನ ಕೇಸಿಗೂ ಬೇಕು. ನನ್ನಲ್ಲಿಗೆ ಬಂದವರಲ್ಲಿ ಹೆಚ್ಚಿನವರಿಗೆ ತಮ್ಮ ಮಗಳಿಗೋ ಮಗನಿಗೋ ಅದೇ ವಯಸ್ಸು ಆಗಿತ್ತು. ಅಥವಾ ಯಾವುದೋ ಮದುವೆ ಮನೆಯಲ್ಲಿ ಅದೇ ಮನುಷ್ಯ ಇನ್ನೊಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದನ್ನು ನೋಡಿ ರಾತ್ರಿಯಿಡೀ ನಿದ್ದೆ ಇಲ್ಲದೆ ಬಂದಿದ್ದರು. ಅಂಥ ಮಗು ಈಗ ಇದೆ ಎಂದಾದರೆ ಅದು ಹಳೆಯ ಕೇಸಲ್ಲ, ಇವತ್ತಿನ ತುರ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಕಲಂ 19 ತಿಳಿದವರೆಲ್ಲರ ಮೇಲೂ ತಿಳಿಸುವ ಹೊಣೆ ಹಾಕುತ್ತದೆ, ತಿಳಿಸದಿದ್ದರೆ ಕಲಂ 21ರ ಕೆಳಗೆ ಶಿಕ್ಷೆ. ಇದನ್ನು ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡು. ಮಕ್ಕಳ ಸಹಾಯವಾಣಿ 1098 ಅವರ ಫೋನಿನಲ್ಲಿರಲಿ.

ಈಗ ಲೆಕ್ಕಕ್ಕೆ ಬರೋಣ. ಇಂಥ ಕೇಸಿನಲ್ಲಿ ಮೊದಲು ಕೈಗೆ ಬೇಕಾದದ್ದು ಇಸವಿ. ಅದೇ ಸಿಗುವುದು ಕಷ್ಟ. ತಾರೀಖು ಕೇಳಿದರೆ ಅವರು ತಬ್ಬಿಬ್ಬಾಗುತ್ತಾರೆ, ಗೊತ್ತಿಲ್ಲ ಎನ್ನುತ್ತಾರೆ, ನಾಳೆ ಪಾಟೀ ಸವಾಲಿನಲ್ಲಿ ಅದೇ ಸುಳ್ಳಿನ ಗುರುತು ಎನಿಸಿಕೊಳ್ಳುತ್ತದೆ. ತಾರೀಖು ಕೇಳಬೇಡ. ಆಗ ಯಾವ ಮನೆಯಲ್ಲಿದ್ದಿರಿ, ಯಾವ ಕ್ಲಾಸು, ಕ್ಲಾಸ್ ಟೀಚರ್ ಯಾರು, ಬೇಸಿಗೆ ರಜೆಯೋ ದಸರಾ ರಜೆಯೋ, ತಮ್ಮ ಹುಟ್ಟಿದ್ದನೋ ಇಲ್ಲವೋ ಎಂದು ಕೇಳು. ನನ್ನ ಕಕ್ಷಿದಾರರೊಬ್ಬರಿಗೆ ನೆನಪಿದ್ದದ್ದು ಇಷ್ಟೇ: ನಾಲ್ಕನೇ ಕ್ಲಾಸು, ಹಿತ್ತಲಿನ ಬಚ್ಚಲುಮನೆ, ಒಲೆಗೆ ತೆಂಗಿನ ಸಿಪ್ಪೆ ಹಾಕಿದ್ದ ಹೊಗೆ, ಮತ್ತು ಆ ವಾರವೇ ಮನೆಗೆ ಬಂದ ಕಪ್ಪು ಬಿಳುಪು ಟಿವಿ. ಶಾಲೆಗೆ ಅರ್ಜಿ ಹಾಕಿ ದಾಖಲಾತಿ ರಿಜಿಸ್ಟರಿನ ನಕಲು ತೆಗೆಸಿದೆವು. ಟಿ.ಸಿ. ಇತ್ತು. ಅಪ್ಪನ ಹಳೆಯ ಟ್ರಂಕಿನಲ್ಲಿ ಟಿವಿ ಅಂಗಡಿಯ ಕಂತಿನ ಚೀಟಿ ಸಿಕ್ಕಿತು, ಮೇಲೆ ತಾರೀಖೂ ಇತ್ತು. ಆ ಮೂರು ಕಾಗದ ಮೇಜಿನ ಮೇಲೆ ಬಂದಾಗ, ತಮ್ಮ ನೆನಪು ಸುಳ್ಳಲ್ಲವೆಂದು ಅವರಿಗೇ ಮೊದಲ ಬಾರಿ ಖಾತ್ರಿಯಾಯಿತು. ಕೇಸು ನಿಲ್ಲಲಿ ಬಿಡಲಿ, ಆ ಕೆಲಸವನ್ನಂತೂ ನೀನು ಮಾಡಲೇಬೇಕು.

ಇಸವಿ ಸಿಕ್ಕಿದ ಮೇಲೆ ಕಾನೂನು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪೋಕ್ಸೋ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಸಂವಿಧಾನದ 20(1)ನೇ ವಿಧಿ ಇರುವುದರಿಂದ ಅದಕ್ಕೂ ಹಿಂದಿನ ಕೃತ್ಯಕ್ಕೆ ಅದು ತಗಲುವುದಿಲ್ಲ, ಆಗಿದ್ದ ದಂಡ ಸಂಹಿತೆಯೇ ಗತಿ. ಕ್ರಿಮಿನಲ್ ಕಾಲಮಿತಿ ಇರುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 468ರಲ್ಲಿ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 514ರಲ್ಲಿ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ಕಾಲಮಿತಿಯೇ ಇಲ್ಲ. ಹಾಗಾಗಿ ದಂಡ ಸಂಹಿತೆಯ 376 (ಅತ್ಯಾಚಾರ) ಆಗಲಿ 377 (ಅಸ್ವಾಭಾವಿಕ ಲೈಂಗಿಕ ಕೃತ್ಯ) ಆಗಲಿ ನಲವತ್ತು ವರ್ಷವಾದರೂ ಬದುಕಿರುತ್ತದೆ. ಗಂಡು ಮಕ್ಕಳಿಗೆ ಆಗಿದ್ದರೆ ಹೆಚ್ಚಿನಂಶ ಆ 377ರ ಕಡೆಗೇ ಹೋಗಬೇಕು. ಆದರೆ 1990ರ ದಶಕದಲ್ಲಿ ಒಂದು ಹುಡುಗಿಯ ಮೈಮೇಲೆ ಕೈಯಾಡಿಸಿದ್ದಕ್ಕೆ ಇದ್ದದ್ದು 354 ಮಾತ್ರ, ಗರಿಷ್ಠ ಎರಡು ವರ್ಷ. 2013ರ ತಿದ್ದುಪಡಿಯಾದ ಮೇಲಷ್ಟೇ ಅದು ಐದಕ್ಕೆ ಏರಿತು. ಅಂದರೆ ಆ ಹುಡುಗಿಯ ದೂರು ಮೂರು ವರ್ಷಕ್ಕೆ ಸತ್ತುಹೋಗಿದೆ, ಅವಳಿನ್ನೂ ಹೈಸ್ಕೂಲು ಮುಗಿಸಿರಲಿಲ್ಲ.

ಇನ್ನೂ ಒಂದು ಇದೆ, ಇದನ್ನು ಎಷ್ಟೋ ವಕೀಲರು ಗಮನಿಸುವುದೇ ಇಲ್ಲ. ಕ್ರಿಮಿನಲ್ ಕಾಲಮಿತಿಯ ಗಡಿಯಾರ ಹದಿನೆಂಟು ತುಂಬಲಿ ಎಂದು ಕಾಯುವುದಿಲ್ಲ, ಅಪರಾಧ ನಡೆದ ದಿನದಿಂದಲೇ ಓಡುತ್ತದೆ. ಪೋಕ್ಸೋ ಕಲಂ 12ರ ಲೈಂಗಿಕ ಕಿರುಕುಳಕ್ಕೆ ಗರಿಷ್ಠ ಮೂರು ವರ್ಷದ ಶಿಕ್ಷೆ, ಹಾಗಾಗಿ ಕಾಲಮಿತಿಯೂ ಮೂರೇ ವರ್ಷ. ಹತ್ತು ವರ್ಷದ ಮಗುವಿಗೆ ಅಶ್ಲೀಲ ಚಿತ್ರ ತೋರಿಸಿದವನು ಆ ಮಗುವಿಗೆ ಹದಿಮೂರು ತುಂಬುವಷ್ಟರಲ್ಲಿ ಬಚಾವಾಗಬಹುದು. 2018ರ ಅಕ್ಟೋಬರಿನಲ್ಲಿ, ಆಗಿನ ಸಚಿವೆ ಮೇನಕಾ ಗಾಂಧಿಯವರು ಕಾನೂನು ಸಚಿವಾಲಯದ ಅಭಿಪ್ರಾಯ ಪಡೆದು, ಪೋಕ್ಸೋ ಕೆಳಗೆ ದೂರು ಕೊಡಲು ಕಾಲಮಿತಿ ಇಲ್ಲ, ವಯಸ್ಕರಾದ ಮೇಲೂ ಕೊಡಬಹುದು ಎಂದು ಪ್ರಕಟಿಸಿದರು. ಅದರ ಹಿಂದೆ ಇದ್ದದ್ದು ಕೆನಡಾದಲ್ಲಿ ನೆಲೆಸಿದ ಒಬ್ಬ ಭಾರತೀಯ ಮೂಲದ ವಿಜ್ಞಾನಿಯ ಹೋರಾಟ. ಬಾಲ್ಯದಲ್ಲಿ ತಮಗಾದದ್ದರ ಬಗ್ಗೆ ದಶಕಗಳ ನಂತರ ಚೆನ್ನೈಗೆ ಬಂದು ದೂರು ಕೊಡಹೊರಟಾಗ ದಾರಿ ಸಿಗದೆ, ಅವರು ಸಹಿ ಸಂಗ್ರಹಕ್ಕಿಳಿದರು. ಸಚಿವೆಯ ಆ ಮಾತು ದೊಡ್ಡದು, ಠಾಣೆಯಲ್ಲಿ ‘ಹಳೇ ಕಥೆ, ಹೋಗಿ’ ಎಂದಾಗ ಎತ್ತಿ ಹೇಳಲು ಬರುತ್ತದೆ. ಆದರೆ ಕಲಂ 514 ಇದ್ದಲ್ಲೇ ಇದೆ ಎನ್ನುವುದನ್ನು ಮರೆಯಬೇಡ.

ಹಾಗಂತ ಕೈಚೆಲ್ಲಬೇಕಿಲ್ಲ. ಒಂದೇ ವಿಚಾರಣೆಯಲ್ಲಿ ಸೇರಿಸಬಹುದಾದ ಅಪರಾಧಗಳು ಹಲವಿದ್ದರೆ, ಅವುಗಳಲ್ಲಿ ಹೆಚ್ಚು ಶಿಕ್ಷೆಯ ಅಪರಾಧದ ಕಾಲಮಿತಿಯೇ ಎಲ್ಲಕ್ಕೂ ಅನ್ವಯ. ‘ಯಾರಿಗಾದರೂ ಹೇಳಿದರೆ ಕೊಂದು ಬಾವಿಗೆ ಹಾಕುತ್ತೇನೆ’ ಎಂದು ಆತ ಹೆದರಿಸಿದ್ದರೆ, ಅದು ದಂಡ ಸಂಹಿತೆಯ 506ರ ಎರಡನೇ ಭಾಗ, ಏಳು ವರ್ಷದವರೆಗಿನ ಶಿಕ್ಷೆ, ಕಾಲಮಿತಿ ಇಲ್ಲ. ಹಾಗಾಗಿ ಬೆದರಿಕೆ ಇತ್ತೇ ಎಂದು ಕೇಳು. ಇರಲಿಲ್ಲ ಎಂದರೆ ಅಲ್ಲಿಗೆ ಬಿಡು, ನೀನಾಗಿ ಒಂದಕ್ಷರವನ್ನೂ ಅವರ ಬಾಯಿಗೆ ತುರುಕಬೇಡ. ಸೇರಿಸಿದ ಒಂದು ಸುಳ್ಳು ಉಳಿದ ಹತ್ತು ಸತ್ಯವನ್ನೂ ಪಾಟೀ ಸವಾಲಿನಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಇದಲ್ಲದೆ ಕಲಂ 519 ಇದೆ, ಹಳೆಯ 473. ತಡವಾದದ್ದಕ್ಕೆ ಸರಿಯಾದ ವಿವರಣೆ ಇದ್ದರೆ, ಇಲ್ಲವೇ ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ, ಅವಧಿ ಮೀರಿದ ಮೇಲೂ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಬಹುದು. ಲೈಂಗಿಕ ಅಪರಾಧದಲ್ಲಿ ದೂರು ತಡವಾಯಿತೆಂಬುದೊಂದೇ ಕೇಸನ್ನು ಕೊಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟು 1996ರ ಗುರ್ಮಿತ್ ಸಿಂಗ್ ತೀರ್ಪಿನಲ್ಲೇ ಹೇಳಿದೆ. ದಿನ ಎಣಿಸುವಾಗ ದೂರು ಸಲ್ಲಿಸಿದ ದಿನವೇ ಲೆಕ್ಕ, ಮ್ಯಾಜಿಸ್ಟ್ರೇಟರು ಪ್ರಕರಣ ಕೈಗೆತ್ತಿಕೊಂಡ ದಿನವಲ್ಲ ಎಂದು 2013ರ ಸಾರಾ ಮ್ಯಾಥ್ಯೂ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಕೊನೆಯ ವಾರದಲ್ಲಿ ಬಂದವರಿಗೆ ಇದೊಂದೇ ಆಸರೆ.

ಇನ್ನು ಸಿವಿಲ್ ಕಡೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಶಿಕ್ಷೆ ಬೇಡ, ಜೈಲು ಬೇಡ, ನನ್ನ ಚಿಕಿತ್ಸೆಯ ಖರ್ಚನ್ನಾದರೂ ಆತ ಕೊಡಲಿ ಎನ್ನುವವರಿದ್ದಾರೆ. ಗೊತ್ತಿದ್ದೂ ಕಣ್ಣುಮುಚ್ಚಿ ಕೂತ ಶಾಲೆಯ ಆಡಳಿತ ಮಂಡಳಿ ಉತ್ತರ ಹೇಳಲಿ ಎನ್ನುವವರೂ ಇದ್ದಾರೆ. ಅವರಿಗೆ ಇರುವುದು ಪರಿಹಾರದ ದಾವೆ. 1963ರ ಕಾಲಮಿತಿ ಕಾಯ್ದೆ ಅಪ್ರಾಪ್ತರಿಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ ನಿಜ, ಆದರೆ ಕಲಂ 8 ಅದಕ್ಕೆ ಮಿತಿ ಹಾಕಿ, ಪ್ರಾಪ್ತ ವಯಸ್ಸಿನಿಂದ ಮೂರು ವರ್ಷ ಮಾತ್ರ ಎನ್ನುತ್ತದೆ. ಇಪ್ಪತ್ತೊಂದಕ್ಕೆ ಮುಗಿಯಿತು. ಇಪ್ಪತ್ತೊಂದರಲ್ಲಿ ಅವರು ಡಿಗ್ರಿ ಮುಗಿಸಿರುತ್ತಾರೆ, ಕೈಯಲ್ಲಿ ಕಾಸಿರುವುದಿಲ್ಲ, ಅದೇ ಅಪ್ಪ ಅಮ್ಮನ ಮನೆಯಲ್ಲಿರುತ್ತಾರೆ. ಹಬ್ಬಕ್ಕೆ ಅದೇ ಮಾವ ಬಂದು ಪಕ್ಕದ ಎಲೆಗೆ ಊಟಕ್ಕೆ ಕೂರುತ್ತಾನೆ.

ಇದೇ ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡು. ಅಡಮಾನ ಇಟ್ಟ ಹೊಲವನ್ನು ಬಿಡಿಸಿಕೊಳ್ಳಲು 61ನೇ ವಿಧಿ ಮೂವತ್ತು ವರ್ಷ ಕೊಡುತ್ತದೆ. ಹಕ್ಕಿನ ಆಧಾರದ ಮೇಲೆ ಜಮೀನಿನ ಸ್ವಾಧೀನ ಕೇಳಲು 65ನೇ ವಿಧಿ ಹನ್ನೆರಡು ವರ್ಷ ಕೊಡುತ್ತದೆ. ಅಜ್ಜ ಅಡಮಾನ ಇಟ್ಟದ್ದನ್ನು ಮೊಮ್ಮಕ್ಕಳು ಬಿಡಿಸಿಕೊಂಡದ್ದನ್ನು ನಾನೇ ನಡೆಸಿಕೊಟ್ಟಿದ್ದೇನೆ. ಸಾಕ್ಷಿಗಳೆಲ್ಲ ಸತ್ತಿದ್ದರು, ಪತ್ರ ಗೆದ್ದಲು ಹಿಡಿದಿತ್ತು, ಯಾರೂ ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ’ ಎನ್ನಲಿಲ್ಲ. ಹೊಲದ ಮಟ್ಟಿಗೆ ಮೂವತ್ತು ವರ್ಷ ಕಾಯಬಲ್ಲ ಕಾನೂನು, ಬಾಯಿಬಿಡಲು ಸರಾಸರಿ 23.9 ವರ್ಷ ಹಿಡಿಯುವ ಗಾಯಕ್ಕೆ ಮೂರು ವರ್ಷ ಕೊಡುವುದು ಯಾವ ನ್ಯಾಯ?

ಬೇರೆ ಕಡೆ ಈ ಪ್ರಶ್ನೆ ಕೇಳಿದರು, ಹಟ ಹಿಡಿದು ಬದಲಿಸಿದರು. ನ್ಯೂಯಾರ್ಕಿನ ಕಥೆಯನ್ನು ನೀನು ಓದಿಕೊಳ್ಳಬೇಕು. ಅಲ್ಲಿ ಬಾಲ್ಯದ ದೌರ್ಜನ್ಯದ ಬಗ್ಗೆ ದಾವೆ ಹೂಡಲು ಇಪ್ಪತ್ಮೂರು ವಯಸ್ಸೇ ಕೊನೆಯಾಗಿತ್ತು. ತಿದ್ದುಪಡಿ ಮಸೂದೆ 2006ರ ಸುಮಾರಿನಿಂದ ಶಾಸನಸಭೆಯಲ್ಲಿ ಓಡಾಡುತ್ತಿತ್ತು. ಕ್ಯಾಥೊಲಿಕ್ ಚರ್ಚೂ ವಿಮಾ ಕಂಪನಿಗಳೂ ಅಡ್ಡ ನಿಂತವು, ಸೆನೆಟ್‌ನಲ್ಲಿ ಅದು ವರ್ಷ ವರ್ಷವೂ ಸಾಯುತ್ತಿತ್ತು. ನೊಂದವರು, ನರೆತ ತಲೆಯವರೂ ಸೇರಿ, ಆಲ್ಬನಿಯ ಶಾಸನಭವನದ ಮೆಟ್ಟಿಲಿಗೆ ಮತ್ತೆ ಮತ್ತೆ ಬಂದರು. ಕೊನೆಗೆ 2019ರ ಜನವರಿಯಲ್ಲಿ ಅದೇ ಸೆನೆಟ್‌ನಲ್ಲಿ ಒಂದೂ ವಿರೋಧ ಮತವಿಲ್ಲದೆ ಮಸೂದೆ ಪಾಸಾಯಿತು, ಫೆಬ್ರವರಿ 14ರಂದು ಗವರ್ನರ್ ಆಂಡ್ರೂ ಕುಮೊ ಸಹಿ ಹಾಕಿದರು. ದಾವೆಗೆ ವಯಸ್ಸಿನ ಮಿತಿ ಐವತ್ತೈದಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅವಧಿ ಈಗಾಗಲೇ ಮುಗಿದವರಿಗೆಂದೇ ಒಂದು ವರ್ಷ ಬಾಗಿಲು ತೆರೆದಿಟ್ಟರು. 2019ರ ಆಗಸ್ಟ್ 14ರಿಂದ ಶುರು. ಕೋವಿಡ್‌ನಿಂದ ಕೋರ್ಟುಗಳು ಮುಚ್ಚಿದ್ದರಿಂದ ಅದನ್ನು 2021ರ ಆಗಸ್ಟ್ 14ರವರೆಗೆ ಹಿಗ್ಗಿಸಿದರು. ಅಷ್ಟರಲ್ಲಿ ಬಂದ ದಾವೆಗಳು ಹತ್ತು ಸಾವಿರಕ್ಕೂ ಹೆಚ್ಚು. ಅರವತ್ತು, ಎಪ್ಪತ್ತು ದಾಟಿದವರು ಕೂಡ ಫಿರ್ಯಾದಿಗಳಾಗಿದ್ದರು.

ಕ್ರಿಮಿನಲ್ ಕೇಸನ್ನು ಹಾಗೆ ಮರುಜೀವ ಮಾಡಲು ಅಲ್ಲಿ ಬರುವುದಿಲ್ಲ. ಒಮ್ಮೆ ಮುಗಿದ ಕ್ರಿಮಿನಲ್ ಕಾಲಮಿತಿಯನ್ನು ಹೊಸ ಕಾನೂನು ಮಾಡಿ ಎಬ್ಬಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 2003ರಲ್ಲಿ ಸ್ಟಾಗ್ನರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಆದ್ದರಿಂದಲೇ ಎಲ್ಲ ಹೋರಾಟ ಸಿವಿಲ್ ದಾವೆಯ ಕಡೆ ತಿರುಗಿತು. ಕ್ಯಾಲಿಫೋರ್ನಿಯಾ 2020ರಿಂದ ಮೂರು ವರ್ಷ ಬಾಗಿಲು ತೆರೆದಿಟ್ಟಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2015ರಲ್ಲೇ ಮಿತಿಯನ್ನು ಕಿತ್ತುಹಾಕಿತ್ತು. ಮೇರಿಲ್ಯಾಂಡಿನ ಇಂಥದೇ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಅದಕ್ಕೆ ಕೆಲವೇ ದಿನ ಮುಂಚೆ ಮೇನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತನ್ನ ರಾಜ್ಯದ್ದನ್ನು ಬೀಳಿಸಿತು. ಹಾಗಾಗಿ ವಾದ ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಫೋನು ಮಾಡಿ ಕೇಳುವುದುಂಟು. ಅವರಿಗೆ ಸ್ಪಷ್ಟವಾಗಿ ಹೇಳು: ಕೃತ್ಯ ಅಲ್ಲಿ ನಡೆದಿದ್ದರೆ ಆ ರಾಜ್ಯದ ಕಾನೂನು, ಅಲ್ಲಿನ ವಕೀಲರನ್ನೇ ಕಾಣಬೇಕು. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ನಡೆದದ್ದಾದರೆ ಈಗ ಅವರು ನ್ಯೂಜೆರ್ಸಿಯಲ್ಲಿದ್ದರೂ ನಮ್ಮ ಕಾನೂನೇ ಗತಿ.

ಬಾರ್ ರೂಮಿನಲ್ಲಿ ಈ ಮಾತು ಎತ್ತಿದರೆ ನಿನಗೆ ಎದುರಾಗುವ ಆಕ್ಷೇಪವೂ ನನಗೆ ಗೊತ್ತು. ಮೂವತ್ತು ವರ್ಷದ ಮೇಲೆ ಒಬ್ಬ ಮುದುಕ ತಾನು ಆ ದಿನ ಎಲ್ಲಿದ್ದೆ ಎಂದು ಹೇಗೆ ತೋರಿಸಬೇಕು? ಅವನ ಪರ ಸಾಕ್ಷಿ ಹೇಳುವವರು ಬದುಕಿರಬೇಕಲ್ಲ? ಇದು ಹಗುರವಾದ ಮಾತಲ್ಲ. ಆರೋಪಿಗಳ ಪರ ನಿಂತು ವಾದಿಸಿದವಳು ನಾನು, ಸುಳ್ಳು ಆರೋಪ ಒಂದು ಸಂಸಾರವನ್ನು ಏನು ಮಾಡುತ್ತದೆಂದು ಕಂಡಿದ್ದೇನೆ. ಆದರೆ ಕಾಲಮಿತಿ ಹಿಗ್ಗಿದರೆ ರುಜುವಾತಿನ ಭಾರ ತಗ್ಗುವುದಿಲ್ಲ, ಅದು ಫಿರ್ಯಾದಿಯ ಹೆಗಲ ಮೇಲೇ ಇರುತ್ತದೆ. ಕಾಲ ಕಳೆದಷ್ಟೂ ಆ ಭಾರ ಹೆಚ್ಚುತ್ತದೆ. ಸಾಕ್ಷ್ಯ ಸಾಲದಿದ್ದರೆ ದಾವೆ ವಜಾ ಆಗಲಿ. ಆದರೆ ವಜಾ ಆಗುವುದು ವಿಚಾರಣೆ ನಡೆದು ಆಗಬೇಕು, ಕ್ಯಾಲೆಂಡರು ನೋಡಿ ಆಗಬಾರದು. ಸಾಕ್ಷ್ಯವೂ ಬರೀ ನೆನಪಲ್ಲ. ಅಮೆರಿಕದಲ್ಲಿ ಚರ್ಚುಗಳ ಕಪಾಟಿನಿಂದಲೇ ಹಳೆಯ ಪತ್ರಗಳು ಹೊರಬಿದ್ದವು, ಯಾವ ಪಾದ್ರಿಯನ್ನು ಯಾಕೆ ಊರಿಂದೂರಿಗೆ ವರ್ಗ ಮಾಡಿದರೆಂಬುದು ಆ ಕಾಗದದಲ್ಲೇ ಇತ್ತು. ಅದನ್ನು ತೆರೆಸಿದ್ದು ದಾವೆಗಳು ಮತ್ತು ತನಿಖೆಗಳು.

ಈಗ ಕೆಲವು ಕೆಲಸದ ಮಾತು. ಇಂಥವರು ಬಂದಾಗ ಟೈಪಿಸ್ಟನ್ನೂ ಗುಮಾಸ್ತನನ್ನೂ ಹೊರಗೆ ಕಳಿಸು. ಡೈರಿಯಲ್ಲಿ ಹೆಸರು ಬರೆಯಬೇಡ, ಗುರುತಿನ ಅಕ್ಷರ ಸಾಕು. ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ ಕಲಂ 72ರಲ್ಲೂ ಪೋಕ್ಸೋ ಕಲಂ 23ರಲ್ಲೂ ಅಪರಾಧ, ಇದನ್ನು ಅವರಿಗೆ ಬಾಯಿಬಿಟ್ಟು ಹೇಳು, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಕೃತ್ಯ ನಡೆದ ಊರಿನ ಠಾಣೆಗೇ ಹೋಗಬೇಕಿಲ್ಲ, ಈಗ ಇರುವ ಊರಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಆಗುತ್ತದೆ. ಹೆಣ್ಣುಮಕ್ಕಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಫೇಸ್‌ಬುಕ್‌ನಲ್ಲಿ ಹಾಕಿಬಿಡುತ್ತೇನೆ ಎಂದರೆ ತಡೆ. ಪೊಲೀಸರಿಗೆ ಸದ್ಭಾವನೆಯಿಂದ ಕೊಟ್ಟ ದೂರಿಗೆ ಮಾನಹಾನಿ ಕಾನೂನಿನಲ್ಲೇ ರಕ್ಷಣೆ ಇದೆ, ಪೋಸ್ಟಿಗೆ ಅಷ್ಟು ಗಟ್ಟಿ ರಕ್ಷಣೆ ಇಲ್ಲ. ಹೇಳಲೇಬೇಕೆಂದು ಹೊರಟವರಿಗೆ ಪತ್ರಕರ್ತೆ ಪ್ರಿಯಾ ರಮಾನಿ ಮೇಲಿದ್ದ ಮಾನಹಾನಿ ಪ್ರಕರಣದ 2021ರ ತೀರ್ಪು ತೋರಿಸು. ಹೆಣ್ಣಿಗೆ ದಶಕಗಳ ನಂತರವೂ ತನ್ನ ನೋವನ್ನು ತನಗೆ ಬೇಕಾದ ವೇದಿಕೆಯಲ್ಲಿ ಹೇಳುವ ಹಕ್ಕಿದೆಯೆಂದು ದೆಹಲಿಯ ನ್ಯಾಯಾಲಯ ಹೇಳಿತು. ಅದು ಕೆಲಸದ ಜಾಗದ ವಿಷಯವಾದರೂ ಮಾತು ಇಲ್ಲಿಗೂ ಒಪ್ಪುತ್ತದೆ.

ಗೆಲ್ಲುವ ಭರವಸೆ ಕೊಡಬೇಡ. ಎಷ್ಟು ದಾರಿ ಇದೆಯೋ ಅಷ್ಟನ್ನೇ ಹೇಳು, ನಿರ್ಧಾರ ಅವರದು. ಎಷ್ಟೋ ಮಂದಿ ಎಲ್ಲ ಕೇಳಿಕೊಂಡು, ಬೇಡ ಮೇಡಂ ಎಂದು ಹೊರಡುತ್ತಾರೆ. ಹೊರಡಲಿ, ಒತ್ತಾಯ ಮಾಡಬೇಡ, ಕಾಗದಗಳ ನಕಲು ಮಾತ್ರ ಜೋಪಾನವಾಗಿಡಲು ಹೇಳು. ಆಪ್ತ ಸಮಾಲೋಚಕರ ನಂಬರು ಕೊಟ್ಟು ಕಳಿಸು. ಫೀಸಿನ ಮಾತು ಮೊದಲ ಭೇಟಿಯಲ್ಲಿ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಪ್ಯಾನೆಲ್ ವಕೀಲರಲ್ಲಿ ನಿನ್ನ ಹೆಸರೂ ಇರುವಂತೆ ನೋಡಿಕೊ.

ನಿನ್ನ ಕಾಲದವರು ಮಾಡಬೇಕಾದ ದೊಡ್ಡ ಕೆಲಸ ಕಲಂ 8ರದ್ದು. ಬಾಲ್ಯದ ಲೈಂಗಿಕ ದೌರ್ಜನ್ಯದ ದಾವೆಗೆ ಆ ಮೂರು ವರ್ಷದ ಮಿತಿ ತಗಲಬಾರದು, ಈಗಾಗಲೇ ಅವಧಿ ಮೀರಿದವರಿಗೆ ಒಮ್ಮೆ ಬಾಗಿಲು ತೆರೆಯಬೇಕು, ಪೋಕ್ಸೋ ಕಲಂ 12ಕ್ಕೆ ಗಡಿಯಾರ ಹದಿನೆಂಟರ ನಂತರವೇ ಶುರುವಾಗಬೇಕು. ಇಷ್ಟನ್ನು ನಿಮ್ಮ ಬಾರ್ ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ನಿರ್ಣಯವಾಗಿ ಮಂಡಿಸು. ಕಾನೂನು ಆಯೋಗಕ್ಕೆ, ನಿಮ್ಮ ಸಂಸದರಿಗೆ ಪ್ರತಿ ಹೋಗಲಿ. ಅನುಮೋದಿಸಲು ಒಬ್ಬರು ಬೇಕಾದರೆ ನಾನು ಬರುತ್ತೇನೆ. ಮತ್ತೆ, ಕಲಂ 519ರ ಅರ್ಜಿ ಬರೆಯುವ ಸಂದರ್ಭ ಬಂದರೆ ಕರಡನ್ನು ನನಗೊಮ್ಮೆ ಕಳಿಸು. ತಡವಾದದ್ದರ ಕಾರಣವನ್ನು ವೈದ್ಯಕೀಯ ಪ್ರಮಾಣಪತ್ರದ ಹಿಂದೆ ಬಚ್ಚಿಡಬೇಡ, ಮೊದಲ ಪ್ಯಾರಾದಲ್ಲೇ ಅವರದೇ ಮಾತಿನಲ್ಲಿ ಬರೆ.